ವಿಳಾಸ ನಮ್ಮದಿರಲಿ, ದಾರಿ ಬಾಡಿಗೆಯದಾದರೂ ಸರಿ

ಬೀದರ್ ಜಿಲ್ಲೆಯ ಔರಾದ್ ಸೀಮೆಯ ಡಾಬಕಾದಂಥ ಊರುಗಳಲ್ಲಿ ಸಹಕಾರ ಸಂಘದ ಬೋರ್ಡನ್ನೋ ಶಾಲೆಯ ಲೆಟರ್‌ಹೆಡ್ಡನ್ನೋ ಸ್ವಸಹಾಯ ಗುಂಪುಗಳ ಒಕ್ಕೂಟದ ರಸೀದಿಯನ್ನೋ ಗಮನಿಸಿ ನೋಡಿ. ಸಂಸ್ಥೆಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಅದರ ಕೆಳಗಿನ ಇಮೇಲ್ ವಿಳಾಸ ಮಾತ್ರ ಯಾವುದೋ ಉಚಿತ ಸೇವೆಯದು. ಬಹಳ ಸಲ ಅದು ಕಾರ್ಯದರ್ಶಿಯೋ ಗುಮಾಸ್ತರೋ ತಮ್ಮ ಸ್ವಂತ ಮೊಬೈಲ್ ನಂಬರಿಗೆ ಜೋಡಿಸಿ ತೆರೆದ ಖಾತೆ. ಅವರು ನಿವೃತ್ತರಾದರೆ, ಊರು ಬಿಟ್ಟರೆ, ಸಿಮ್ ಬದಲಿಸಿದರೆ ಒಟಿಪಿ ಅವರ ಜೊತೆಗೇ ಹೋಗುತ್ತದೆ. ಸಂಘದ ಅಷ್ಟೂ ವರ್ಷಗಳ ಪತ್ರವ್ಯವಹಾರ, ಆಡಿಟ್ ವರದಿ, ಸಾಲದ ಮಂಜೂರಾತಿ ಪತ್ರ ಎಲ್ಲವೂ ಯಾರ ಕೈಗೂ ಸಿಗದ ಒಂದು ಖಾತೆಯೊಳಗೆ ಉಳಿದುಬಿಡುತ್ತವೆ.

ಸಂಸ್ಥೆಗೆ ಸ್ವಂತ ಡೊಮೈನ್ ಹೆಸರು, ಸಾಧ್ಯವಾದರೆ ಸ್ವಂತ ಮೇಲ್ ಸರ್ವರ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಬೇಕಾದ ತಂತ್ರಾಂಶಗಳೆಲ್ಲ ಉಚಿತ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಪತ್ರ ಕಳಿಸಲು ಮತ್ತು ಪಡೆಯಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಯಲ್ಲಿಟ್ಟುಕೊಂಡು ಓದಲು ಡವ್‌ಕಾಟ್ ಅಳವಡಿಸಿದರೆ ಒಂದು ಸಣ್ಣ ಸಂಸ್ಥೆಗೆ ಸಾಕು. ಇನ್ನು ಸಂಪರ್ಕದ ಮಾತು: ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಇಂದು ಭಾರತ್‌ನೆಟ್ ಎಂದು ಕರೆಯುವುದು ಅದನ್ನೇ. ಬೀದರಿನಲ್ಲೋ ಭಾಲ್ಕಿಯಲ್ಲೋ ಕಂಪ್ಯೂಟರ್ ಓದಿದ ಹುಡುಗಿಯೊಬ್ಬಳು ಊರಿಗೆ ಬಂದು ಈ ಕೆಲಸಕ್ಕೆ ಕೈ ಹಾಕಿದಳು ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಪುಸ್ತಕದಲ್ಲಿರುವಂತೆಯೇ ಹೊಂದಿಸುತ್ತಾಳೆ. ಆದರೂ ಪತ್ರ ಹೊರಡುವುದಿಲ್ಲ. ಲಾಗ್ ತೆರೆದರೆ ಸಾಲು ಸಾಲಾಗಿ ಒಂದೇ ಮಾತು: ಕನೆಕ್ಷನ್ ಟೈಮ್ಡ್ ಔಟ್.

ಅವಳದು ಏನೂ ತಪ್ಪಿಲ್ಲ. ಇಂಟರ್ನೆಟ್ ಸೇವಾದಾರರು ಮನೆ ಸಂಪರ್ಕಗಳಲ್ಲಿ, ಸರ್ವರ್‌ಗಳ ನಡುವೆ ಪತ್ರ ಸಾಗುವ ಬಾಗಿಲಾದ 25ನೇ ಪೋರ್ಟನ್ನು ಮುಚ್ಚಿರುತ್ತಾರೆ. ಜಗತ್ತಿನ ಬಹಳಷ್ಟು ಕಡೆ ಇದೇ ರೂಢಿ. ಇದನ್ನು ಯಾಕೆ ಮುಚ್ಚಿದರು, ಮುಚ್ಚಿದ್ದರೂ ನಮ್ಮ ಪತ್ರವನ್ನು ಹೇಗೆ ದಾಟಿಸಬಹುದು, ಈ ಸುತ್ತುದಾರಿಯಲ್ಲಿ ಯಾವುದನ್ನು ಬಾಡಿಗೆಗೆ ತೆಗೆದುಕೊಳ್ಳಬಹುದು, ಯಾವುದನ್ನು ಎಂದಿಗೂ ಕೈಬಿಡಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಂಬಿಕೆಯ ಕಾಲದ ನಿಯಮ

ಇಂಟರ್ನೆಟ್ಟಿಗೆ ಸೇರಿದ ಯಂತ್ರವನ್ನು ಗುರುತಿಸುವುದು ಐಪಿ ವಿಳಾಸ. ಆ ಯಂತ್ರದಲ್ಲಿ ನಡೆಯುವ ಒಂದೊಂದು ಸೇವೆಯನ್ನು ಗುರುತಿಸುವ ಸಂಖ್ಯೆ ಪೋರ್ಟ್. ವೆಬ್ ಪುಟಗಳಿಗೆ 80 ಮತ್ತು 443. ಒಂದು ಮೇಲ್ ಸರ್ವರ್ ಇನ್ನೊಂದು ಮೇಲ್ ಸರ್ವರಿಗೆ ಪತ್ರ ಒಪ್ಪಿಸುವುದು 25ರಲ್ಲಿ. ಈ ಒಪ್ಪಿಸುವಿಕೆಯ ನಿಯಮಾವಳಿಯೇ ಎಸ್‌ಎಂಟಿಪಿ. ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಅದನ್ನು ಆರ್‌ಎಫ್‌ಸಿ 821 ಎಂಬ ದಾಖಲೆಯಾಗಿ ಪ್ರಕಟಿಸಿದರು. ಆಗ ಜಾಲದಲ್ಲಿದ್ದವು ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು. ಯಾರು ಯಾರಿಗೆ ಬೇಕಾದರೂ ಪತ್ರ ತಲುಪಿಸಿಕೊಡುತ್ತಿದ್ದರು. ಕಳಿಸುವವನು ನಿಜವಾಗಿ ಅವನೇನಾ ಎಂದು ಕೇಳುವ ಏರ್ಪಾಡು ಆ ನಿಯಮದಲ್ಲಿ ಇರಲಿಲ್ಲ, ಅದರ ಅಗತ್ಯವೂ ಆಗ ಕಂಡಿರಲಿಲ್ಲ.

ಜಾಲ ಎಲ್ಲರದ್ದಾದಾಗ ಆ ನಂಬಿಕೆಯನ್ನು ಕಳ್ಳರು ಬಳಸಿಕೊಂಡರು. ಮೊದಲು, ಯಾರ ಪತ್ರವನ್ನಾದರೂ ಕೇಳದೆ ಮುಂದೆ ಕಳಿಸುವ ಸರ್ವರ್‌ಗಳನ್ನು ಹುಡುಕಿ ಅವುಗಳ ಮೂಲಕ ಲಕ್ಷಗಟ್ಟಲೆ ಜಾಹೀರಾತು ಹಂಚಿದರು. ಇಂಥ ಸರ್ವರ್‌ಗಳಿಗೆ ಓಪನ್ ರಿಲೇ ಎಂಬ ಹೆಸರು ಬಂತು. ಅವು ಒಂದೊಂದಾಗಿ ಮುಚ್ಚಿದಾಗ, 2003ರ ಸುಮಾರಿಗೆ, ಕಳ್ಳರ ಕಣ್ಣು ಮನೆಮನೆಯ ಕಂಪ್ಯೂಟರಿನ ಮೇಲೆ ಬಿತ್ತು. ಸೋಬಿಗ್‌ನಂಥ ವೈರಸ್‌ಗಳು ಮಾಲೀಕನಿಗೆ ತಿಳಿಯದಂತೆ ಯಂತ್ರದೊಳಗೆ ಸೇರಿ, ಅಲ್ಲಿಂದಲೇ ನೇರವಾಗಿ 25ನೇ ಪೋರ್ಟಿನಲ್ಲಿ ಕಸದ ಪತ್ರ ಕಳಿಸತೊಡಗಿದವು. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ 2004ರಲ್ಲಿ ಹೇಳಿದ ಲೆಕ್ಕ ನೋಡಿ: ಅದರ ಗ್ರಾಹಕರ ಜಾಲದಿಂದ ದಿನಕ್ಕೆ ಸುಮಾರು 80 ಕೋಟಿ ಸಂದೇಶ ಹೊರಡುತ್ತಿದ್ದವು, ಅವುಗಳಲ್ಲಿ ಕಂಪನಿಯ ಸ್ವಂತ ಸರ್ವರ್‌ಗಳ ಮೂಲಕ ಹೋಗುತ್ತಿದ್ದದ್ದು ಸುಮಾರು 10 ಕೋಟಿ ಮಾತ್ರ. ಉಳಿದವುಗಳ ಬಹುಪಾಲು ಸೋಂಕು ತಗುಲಿದ ಯಂತ್ರಗಳ ಕೆಲಸ.

ಭಾರತವೂ ಈ ಪಿಡುಗಿನಿಂದ ಹೊರಗಿರಲಿಲ್ಲ. 2012ರ ಮೊದಲ ಮೂರು ತಿಂಗಳ ಲೆಕ್ಕ ಹಾಕಿದ ಭದ್ರತಾ ಸಂಸ್ಥೆ ಸೋಫೋಸ್, ಜಗತ್ತಿನಲ್ಲಿ ಅತಿ ಹೆಚ್ಚು ಕಸದ ಪತ್ರ ಹೊರಡುವ ದೇಶ ಭಾರತ ಎಂದಿತು. ಹಾಗೆಂದು ನಮ್ಮ ಜನ ಮೋಸಗಾರರಾಗಿರಲಿಲ್ಲ. ಕದ್ದ ಪ್ರತಿಯ ಆಪರೇಟಿಂಗ್ ಸಿಸ್ಟಮ್, ಅಪ್‌ಡೇಟ್ ಕಾಣದ ಯಂತ್ರ, ಇಂಟರ್ನೆಟ್ಟಿಗೆ ಹೊಸಬರಾದ ಕೋಟ್ಯಂತರ ಬಳಕೆದಾರರು ಸೇರಿ ಆ ಪರಿಸ್ಥಿತಿ ಬಂದಿತ್ತು. ಪೆಟ್ಟು ಬಿದ್ದದ್ದು ಮಾತ್ರ ಎಲ್ಲರಿಗೂ. ಒಂದು ಐಪಿ ವಿಳಾಸದಿಂದ ಕಸ ಹೊರಟರೆ ಸ್ಪಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಆ ವಿಳಾಸ ಸೇರುತ್ತದೆ, ಅದರ ನೆರೆಹೊರೆಯ ವಿಳಾಸಗಳ ಮೇಲೂ ಅನುಮಾನ ಬೀಳುತ್ತದೆ. ಒಬ್ಬನ ಯಂತ್ರದ ರೋಗಕ್ಕೆ ಓಣಿಯವರ ಪತ್ರಗಳೆಲ್ಲ ತಿರಸ್ಕಾರವಾಗುತ್ತವೆ.

ಮನೆ ಸಂಪರ್ಕದಿಂದ ಹೊರಕ್ಕೆ 25ನೇ ಪೋರ್ಟನ್ನೇ ಮುಚ್ಚಿದರೆ ಸೋಂಕಿತ ಯಂತ್ರ ಎಷ್ಟೇ ಹಾರಾಡಲಿ, ಅದರ ಕಸ ಊರು ದಾಟುವುದಿಲ್ಲ. ಜಪಾನಿನ ಸೇವಾದಾರರು 2005ರಿಂದ ಇದನ್ನು ಒಟ್ಟಾಗಿ ಜಾರಿಗೆ ತಂದರು. ಬ್ರೆಜಿಲ್ ಕೆಲವು ವರ್ಷಗಳ ನಂತರ ದೇಶಕ್ಕೆ ದೇಶವೇ ಒಪ್ಪಿ ಮಾಡಿತು. ಸಾಮಾನ್ಯ ಗ್ರಾಹಕನಿಗೆ ಇದರಿಂದ ನಷ್ಟವಿಲ್ಲ. ಆತ ಬ್ರೌಸರಿನಲ್ಲೋ ಫೋನಿನ ಆಪ್‌ನಲ್ಲೋ ಪತ್ರ ಬರೆಯುತ್ತಾನೆ, ಅವು 25ನ್ನು ಮುಟ್ಟುವುದೇ ಇಲ್ಲ. ಈ ಕ್ರಮ ಸರಿಯಾದದ್ದು ಎಂದು ನಾನು ಒಪ್ಪುತ್ತೇನೆ. ತೊಂದರೆಗೆ ಸಿಗುವವರು ಸ್ವಂತ ಸರ್ವರ್ ಕಟ್ಟಲು ಹೊರಟ ಕೆಲವರು. ಅವರ ಮುಂದೆ ದಾರಿಗಳಿವೆ.

ಮೊದಲು ರೋಗ ಯಾವುದೆಂದು ಗುರುತಿಸಿ

ಪತ್ರ ಹೋಗದಿದ್ದಾಗ ಮೂರು ಬಗೆಯ ಉತ್ತರ ಬರಬಹುದು, ಮೂರಕ್ಕೂ ಮದ್ದು ಬೇರೆ. ಬಹಳ ಹೊತ್ತು ಕಾಯಿಸಿ ಕೊನೆಗೆ ಟೈಮ್ಡ್ ಔಟ್ ಎಂದರೆ, ನಡುದಾರಿಯಲ್ಲಿ ಯಾರೋ ಮಾತಿಲ್ಲದೆ ತಡೆದಿದ್ದಾರೆ. ಪೋರ್ಟ್ ಮುಚ್ಚಿದಾಗ ಸಾಮಾನ್ಯವಾಗಿ ಕಾಣುವುದು ಇದು. ತಕ್ಷಣವೇ ಕನೆಕ್ಷನ್ ರೆಫ್ಯೂಸ್ಡ್ ಎಂದರೆ, ಆಚೆಯ ಯಂತ್ರದಲ್ಲಿ ಆ ಸೇವೆ ನಡೆಯುತ್ತಿಲ್ಲ, ಇಲ್ಲವೇ ಫೈರ್‌ವಾಲ್ ಬಾಯಿಬಿಟ್ಟು ಬೇಡವೆಂದಿದೆ. ಸಂಪರ್ಕ ಸಿಕ್ಕಿ, 220 ಎಂಬ ಸ್ವಾಗತದ ಸಾಲೂ ಬಂದು, ಆಮೇಲೆ 550 ಅಥವಾ 554 ಎಂಬ ಸಂಖ್ಯೆಯೊಂದಿಗೆ ಪತ್ರ ತಿರಸ್ಕಾರವಾದರೆ ಪೋರ್ಟ್ ತೆರೆದೇ ಇದೆ, ನಿಮ್ಮ ಐಪಿ ವಿಳಾಸದ ಮೇಲೆಯೋ ಡೊಮೈನಿನ ಮೇಲೆಯೋ ಆಚೆಯವರಿಗೆ ನಂಬಿಕೆ ಬಂದಿಲ್ಲ.

ಪರೀಕ್ಷೆ ಸರಳ. ಒಂದೇ ಯಂತ್ರದಿಂದ ಟೆಲ್ನೆಟ್‌ನಲ್ಲಿ ಯಾವುದಾದರೂ ದೊಡ್ಡ ಮೇಲ್ ಸೇವೆಯ 25ನೇ ಪೋರ್ಟಿಗೂ 587ಕ್ಕೂ ಸಂಪರ್ಕಿಸಿ ನೋಡಿ. 587 ತೆರೆದು 25 ಮಾತ್ರ ಸುಮ್ಮನಿದ್ದರೆ ಅನುಮಾನ ಗಟ್ಟಿಯಾಯಿತು. ಒಂದೇ ಸೇವೆಗೆ ಹೋಗಿ ನಿಲ್ಲಬೇಡಿ, ಎರಡು ಮೂರು ಕಡೆ ನೋಡಿ. ಬೇರೆ ಕಂಪನಿಯ ಸಂಪರ್ಕದಿಂದಲೂ ಒಮ್ಮೆ ಪರೀಕ್ಷಿಸಿ. ಎಷ್ಟೋ ಸಲ ತಡೆ ಇರುವುದು ರೂಟರಿನ ಸೆಟ್ಟಿಂಗಿನಲ್ಲಿ ಅಥವಾ ಯಂತ್ರದ ಸ್ವಂತ ಫೈರ್‌ವಾಲ್‌ನಲ್ಲಿ. ಸೇವಾದಾರರಿಗೆ ಫೋನ್ ಮಾಡುವ ಮೊದಲು ಇಷ್ಟು ಖಚಿತವಾಗಿರಬೇಕು.

ಹೊರಹೋಗುವ ಪತ್ರಕ್ಕೆ ಸುತ್ತುದಾರಿ

ಅಂಚೆಯಲ್ಲಿ ಎರಡು ಬೇರೆ ಕೆಲಸಗಳಿವೆ. ಗಿರಾಕಿ ತನ್ನ ಕಾಗದವನ್ನು ಊರಿನ ಅಂಚೆ ಕಚೇರಿಗೆ ಒಪ್ಪಿಸುವುದು ಒಂದು. ಕಚೇರಿಯಿಂದ ಕಚೇರಿಗೆ ಟಪಾಲು ಚೀಲ ಸಾಗುವುದು ಇನ್ನೊಂದು. ಮೊದಲಿಗೆ ಇಮೇಲಿನಲ್ಲಿ ಎರಡೂ 25ರಲ್ಲೇ ನಡೆಯುತ್ತಿದ್ದವು. 1998ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 2476 ಅವನ್ನು ಬೇರ್ಪಡಿಸಿತು. ಚೀಲ ಸಾಗುವುದು 25ರಲ್ಲೇ ಉಳಿಯಿತು, ಗಿರಾಕಿ ಕಾಗದ ಒಪ್ಪಿಸಲು 587 ಬಂತು. 587ರಲ್ಲಿ ಹೆಸರು, ಪಾಸ್‌ವರ್ಡ್ ಹೇಳದೆ ಯಾರೂ ಪತ್ರ ಕೊಡುವಂತಿಲ್ಲ. ಯಾರು ಕಳಿಸಿದ್ದು ಎಂಬ ಹೊಣೆ ಅಲ್ಲಿ ದಾಖಲಾಗುವುದರಿಂದ ಸೇವಾದಾರರು ಅದನ್ನು ತೆರೆದಿಡುತ್ತಾರೆ. ಮೊದಲ ಅಕ್ಷರದಿಂದಲೇ ಗುಪ್ತಲಿಪಿಯಲ್ಲಿ ಮಾತಾಡುವ 465ಕ್ಕೆ 2018ರ ಜನವರಿಯ ಆರ್‌ಎಫ್‌ಸಿ 8314 ಮತ್ತೆ ಮಾನ್ಯತೆ ಕೊಟ್ಟಿತು. ಇಂದು ಎರಡರಲ್ಲಿ ಯಾವುದನ್ನಾದರೂ ಬಳಸಬಹುದು.

ನಮ್ಮ ಯಂತ್ರವೂ ಗಿರಾಕಿಯಂತೆ 587ರಲ್ಲಿ ಬೇರೊಂದು ಸರ್ವರಿಗೆ ಪತ್ರ ಒಪ್ಪಿಸಿ, ಮುಂದಿನ ಸಾಗಣೆಯನ್ನು ಅದಕ್ಕೆ ಬಿಡಬಹುದು. ಡಾಬಕಾ ಸೀಮೆಯ ಚರಿತ್ರೆಯಲ್ಲೂ ಇಂಥ ಏರ್ಪಾಡು ಇತ್ತು. ಹೈದರಾಬಾದ್ ಸಂಸ್ಥಾನ 1869ರಿಂದ ತನ್ನದೇ ಅಂಚೆಚೀಟಿ ಹೊರತರುತ್ತಿತ್ತು. ಆಗ ಬೀದರ್ ಜಿಲ್ಲೆಗೆ ಉದಗೀರ್, ನಿಲಂಗಾ, ಜಹೀರಾಬಾದ್, ನಾರಾಯಣಖೇಡ್ ಕೂಡ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಗೆರೆ ಎಳೆದ ಮೇಲೆಯೇ ಔರಾದಿನ ಹಳ್ಳಿಗಳು ರಾಜ್ಯದ ಅಂಚಿಗೆ ಬಂದದ್ದು. ಉದಗೀರಿಗೋ ಔರಂಗಾಬಾದಿಗೋ ಬರೆದ ಕಾಗದಕ್ಕೆ ನಿಜಾಮರ ಚೀಟಿ ಸಾಕಿತ್ತು. ಪುಣೆಗೋ ಧಾರವಾಡಕ್ಕೋ ಬರೆದರೆ ಆ ಚೀಟಿ ನಡೆಯುತ್ತಿರಲಿಲ್ಲ, ಬ್ರಿಟಿಷ್ ಇಂಡಿಯಾದ ಅಂಚೆಯನ್ನೇ ಹಿಡಿಯಬೇಕಿತ್ತು. ಬರೆದವರ ಹೆಸರು, ಊರು ಅವೇ ಇರುತ್ತಿದ್ದವು. ಎಲ್ಲೆಡೆ ಮಾನ್ಯತೆ ಇದ್ದವರ ಮೂಲಕ ಸಾಗಿಸಿಕೊಳ್ಳುವುದಷ್ಟೇ ಆಗಬೇಕಾಗಿತ್ತು.

ಇಮೇಲಿನಲ್ಲಿ ಈ ಸಾಗಿಸುವವರಿಗೆ ಸ್ಮಾರ್ಟ್‌ಹೋಸ್ಟ್ ಅಥವಾ ರಿಲೇ ಎನ್ನುತ್ತಾರೆ. ಸೇವಾದಾರರೇ ರಿಲೇ ಕೊಡಬಹುದು, ಡೊಮೈನ್ ಮಾರಿದವರು ಕೊಡಬಹುದು, ಇದಕ್ಕೆಂದೇ ಇರುವ ಕಂಪನಿಗಳೂ ಇವೆ. ಪೋಸ್ಟ್‌ಫಿಕ್ಸಿನಲ್ಲಿ ಇದಕ್ಕೆ ಬೇಕಾದದ್ದು ಕೆಲವೇ ಸಾಲು. ರಿಲೇಹೋಸ್ಟ್ ಎಂಬ ಸಾಲಿನಲ್ಲಿ ಆ ಸರ್ವರಿನ ಹೆಸರನ್ನು ಚೌಕ ಆವರಣದಲ್ಲಿಟ್ಟು, ಕೋಲನ್ ಹಾಕಿ 587 ಎಂದು ಬರೆಯಬೇಕು. ಚೌಕ ಆವರಣ ಬಿಟ್ಟರೆ ಪೋಸ್ಟ್‌ಫಿಕ್ಸ್, ಆ ಹೆಸರಿಗೆ ಬರುವ ಪತ್ರ ತೆಗೆದುಕೊಳ್ಳುವ ಯಂತ್ರ ಯಾವುದೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಹುಡುಕಿಕೊಂಡು ಬೇರೆಲ್ಲಿಗೋ ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಆಮೇಲೆ ಸ್ಯಾಸಲ್ ದೃಢೀಕರಣವನ್ನು ಚಾಲೂ ಮಾಡಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ರೂಟ್ ಬಿಟ್ಟು ಬೇರೆ ಯಾರೂ ಓದಲಾಗದ ಫೈಲಿನಲ್ಲಿಟ್ಟು, ಪೋಸ್ಟ್‌ಮ್ಯಾಪ್ ಆದೇಶದಿಂದ ಅದರ ಸೂಚಿಯನ್ನು ಕಟ್ಟಬೇಕು. ಗುಪ್ತಲಿಪಿಯ ವಿಧಾನವಾದ ಟಿಎಲ್‌ಎಸ್‌ನ ಮಟ್ಟವನ್ನು ಎನ್‌ಕ್ರಿಪ್ಟ್ ಎಂದು ಕಡ್ಡಾಯ ಮಾಡಬೇಕು, ಇಲ್ಲವಾದರೆ ಪಾಸ್‌ವರ್ಡ್ ಬತ್ತಲಾಗಿ ತಂತಿಯಲ್ಲಿ ಹೋಗುವ ಅಪಾಯವಿದೆ. 465 ಬಳಸುವುದಾದರೆ ರ‍್ಯಾಪರ್‌ಮೋಡ್ ಎಂಬ ಇನ್ನೊಂದು ಸಾಲೂ ಬೇಕು.

ಒಳಬರುವ ಪತ್ರದ ಕಥೆ ಬೇರೆ

ಹೊರಹೋಗುವ ಪತ್ರಕ್ಕೆ ಪೋರ್ಟ್ ಬದಲಿಸಿದ ಹಾಗೆ ಒಳಬರುವುದಕ್ಕೆ ಬದಲಿಸಲು ಆಗುವುದಿಲ್ಲ. ನಮ್ಮ ಡೊಮೈನಿಗೆ ಪತ್ರ ತೆಗೆದುಕೊಳ್ಳುವ ಯಂತ್ರ ಯಾವುದೆಂದು ಜಗತ್ತಿಗೆ ಹೇಳುವುದು, ಡೊಮೈನ್ ಹೆಸರುಗಳ ಸೂಚಿಯಾದ ಡಿಎನ್‌ಎಸ್‌ನಲ್ಲಿರುವ ಎಂಎಕ್ಸ್ ದಾಖಲೆ. ಅದರಲ್ಲಿ ಯಂತ್ರದ ಹೆಸರಿದೆ, ಆದ್ಯತೆಯ ಸಂಖ್ಯೆಯಿದೆ, ಪೋರ್ಟ್ ಬರೆಯಲು ಜಾಗವೇ ಇಲ್ಲ. ಲೋಕದ ಅಷ್ಟೂ ಸರ್ವರ್‌ಗಳು ಬಂದು ನಿಲ್ಲುವುದು 25ರಲ್ಲೇ. ನಾವು 2525ರಲ್ಲಿ ಕಾದು ಕೂತರೆ ಅಲ್ಲಿಗೆ ಯಾರೂ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕು. ಏಷ್ಯಾ ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಬಳಿ ಹಳೆಯ ಬಗೆಯ ವಿಳಾಸಗಳ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಟ್ಟಿಗೆ ಬಂದಿತ್ತು. ಅಂದಿನಿಂದ ಅನೇಕ ಸೇವಾದಾರರು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ನಿಮ್ಮ ರೂಟರ್ ತನ್ನ ಹೊರಗಿನ ವಿಳಾಸವೆಂದು ತೋರಿಸುವ ಸಂಖ್ಯೆ 100.64ರಿಂದ 100.127ರ ನಡುವೆ ಶುರುವಾದರೆ ನೀವೂ ಅದರ ಹಿಂದಿದ್ದೀರಿ ಎಂದು ತಿಳಿಯಿರಿ. ಆಗ ಸೇವಾದಾರರು 25ನ್ನು ತೆರೆದರೂ ಹೊರಗಿನವರು ನಿಮ್ಮ ಯಂತ್ರವನ್ನು ಮುಟ್ಟಲಾರರು. ಹೊಸ ಬಗೆಯ ವಿಳಾಸ, ಅಂದರೆ ಐಪಿ ಆವೃತ್ತಿ 6, ಭಾರತದಲ್ಲಿ ಚೆನ್ನಾಗಿ ಹಬ್ಬಿದೆ, ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ಆದರೆ ಅದರಲ್ಲಿ ಮಾತ್ರ ಪತ್ರ ಸ್ವೀಕರಿಸುತ್ತೇವೆಂದು ಕೂತರೆ ಹಳೆಯದರಲ್ಲೇ ಇರುವ ಸರ್ವರ್‌ಗಳ ಪತ್ರ ತಪ್ಪಿಹೋಗುತ್ತದೆ.

ಹಾಗಾದರೆ ಮಾರ್ಗ ಮೂರು. ಸಂಸ್ಥೆಯ ಹೆಸರಿನಲ್ಲಿ ವ್ಯಾವಹಾರಿಕ ಸಂಪರ್ಕ, ಸ್ಥಿರ ಐಪಿ ಪಡೆದು, 25ನ್ನು ತೆರೆಯಲು ಬರವಣಿಗೆಯಲ್ಲಿ ಕೇಳುವುದು ಮೊದಲನೆಯದು. ಇದು ನೇರ ದಾರಿ, ಖರ್ಚು ಹೆಚ್ಚು. ಎರಡನೆಯದು, ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಸಣ್ಣ ವರ್ಚುವಲ್ ಸರ್ವರನ್ನು ತಿಂಗಳ ಬಾಡಿಗೆಗೆ ಹಿಡಿದು, ಎಂಎಕ್ಸ್ ದಾಖಲೆಯನ್ನು ಅದಕ್ಕೆ ತಿರುಗಿಸುವುದು. ಡಾಬಕಾದ ಯಂತ್ರ ತಾನೇ ಹೊರಕ್ಕೆ ಕೈ ಚಾಚಿ ವೈರ್‌ಗಾರ್ಡ್ ಎಂಬ ಸುರಂಗದಿಂದ ಆ ಸರ್ವರನ್ನು ಹಿಡಿದುಕೊಂಡಿರುತ್ತದೆ. ಪತ್ರ ಬಾಡಿಗೆ ಸರ್ವರಿಗೆ ಬಂದು, ಸುರಂಗದಲ್ಲಿ ಇಳಿದು, ಊರಿನ ಯಂತ್ರದ ಪೆಟ್ಟಿಗೆಗೆ ಬೀಳುತ್ತದೆ. ಸಂಪರ್ಕ ಒಳಗಿನಿಂದ ಶುರುವಾಗುವುದರಿಂದ ಸಿಜಿನ್ಯಾಟ್ ಅಡ್ಡಿ ಮಾಡುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಗೂಗಲ್ ಕ್ಲೌಡ್, ಅಮೆಜಾನ್, ಮೈಕ್ರೋಸಾಫ್ಟ್ ಅಜೂರ್, ಡಿಜಿಟಲ್ ಓಷನ್ ಎಲ್ಲರೂ ತಮ್ಮ ಬಾಡಿಗೆ ಯಂತ್ರಗಳಿಂದ ಹೊರಕ್ಕೆ ಹೋಗುವ 25ನ್ನು ಮುಚ್ಚುತ್ತಾರೆ ಅಥವಾ ಕಟ್ಟುಪಾಡು ಹಾಕುತ್ತಾರೆ. ಹಾಗಾಗಿ ಬಾಡಿಗೆ ಸರ್ವರ್ ಇದ್ದರೂ ಹೊರಹೋಗುವ ಪತ್ರಕ್ಕೆ ರಿಲೇ ಬೇಕಾಗಬಹುದು.

ಮೂರನೆಯದು ಎಲ್ಲಕ್ಕಿಂತ ಹಗುರ. ಸ್ವಂತ ಡೊಮೈನಿನ ಪೆಟ್ಟಿಗೆಗಳನ್ನು ಹೋಸ್ಟಿಂಗ್ ಕಂಪನಿಯಲ್ಲೇ ಇಟ್ಟು, ಊರಿನ ಯಂತ್ರ ಗಂಟೆಗೊಮ್ಮೆ ಐಮ್ಯಾಪ್‌ನ 993ನೇ ಪೋರ್ಟಿನ ಮೂಲಕ ಎಲ್ಲ ಪತ್ರಗಳ ನಕಲು ಇಳಿಸಿಕೊಳ್ಳುವುದು. ಐದಾರು ಜನ ಕೆಲಸ ಮಾಡುವ ಸಂಘಕ್ಕೆ ನಾನು ಹೇಳುವುದು ಇದನ್ನೇ. ಕಂಪನಿ ಬಾಗಿಲು ಹಾಕಿದರೂ, ಬೆಲೆ ಏರಿಸಿದರೂ ಕಡತ ನಮ್ಮ ಬಳಿ ಇರುತ್ತದೆ. ಎಂಎಕ್ಸ್ ದಾಖಲೆಯನ್ನು ತಿದ್ದಿದರೆ ಅದೇ ವಿಳಾಸ ಇನ್ನೊಂದು ಕಂಪನಿಯಲ್ಲಿ ಮುಂದುವರಿಯುತ್ತದೆ.

ಕರೆಂಟು ಹೋದರೆ ಪತ್ರ ಕಳೆದುಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಎಸ್‌ಎಂಟಿಪಿಯ ಬಹು ದೊಡ್ಡ ಗುಣವೇ ತಾಳ್ಮೆ. ಆಚೆಯ ಯಂತ್ರ ಸಿಗದಿದ್ದರೆ ಪತ್ರವನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸಬೇಕು, ಕೈಬಿಡುವ ಮೊದಲು 4ರಿಂದ 5 ದಿನವಾದರೂ ಕಾಯಬೇಕು ಎಂದು 2008ರ ಆರ್‌ಎಫ್‌ಸಿ 5321 ಹೇಳುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಕಾಯುತ್ತದೆ. ಗಾಳಿ ಮಳೆಗೆ ಕಂಬ ಬಿದ್ದು ಎರಡು ದಿನ ವಿದ್ಯುತ್ ಇಲ್ಲದಿದ್ದರೂ, ಬಾಡಿಗೆ ಸರ್ವರಿನಲ್ಲಿ ಸರದಿ ಕಾದ ಪತ್ರಗಳು ಯಂತ್ರ ಎದ್ದ ಮೇಲೆ ಮುಂದಿನ ಯತ್ನದಲ್ಲಿ ಇಳಿದು ಬರುತ್ತವೆ. ಹಳ್ಳಿಯಲ್ಲಿ ಮೇಲ್ ಸರ್ವರ್ ನಡೆಯುವುದಿಲ್ಲ ಎನ್ನುವವರು ಈ ಗುಣವನ್ನು ಅರಿಯಬೇಕು.

ನಂಬಿಕೆ ಗಳಿಸುವ ದಾಖಲೆಗಳು

ಪತ್ರ ತಲುಪಿದರಾಯಿತೇ? ಅದು ಸ್ಪಾಮ್ ಪೆಟ್ಟಿಗೆಗೆ ಬೀಳಬಾರದು. 1982ರ ನಿಯಮ ಕೇಳದೆ ಬಿಟ್ಟ ಗುರುತಿನ ಪ್ರಶ್ನೆಗೆ ಮುಂದಿನ ದಿನಗಳಲ್ಲಿ ಡಿಎನ್‌ಎಸ್ ಮೂಲಕ ಉತ್ತರ ಕೊಟ್ಟರು. ನಮ್ಮ ಡೊಮೈನಿನ ಹೆಸರಿನಲ್ಲಿ ಯಾವ ಸರ್ವರ್‌ಗಳು ಪತ್ರ ಕಳಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲೆ ನಾವು ಹಾಕುವ ಗಣಿತದ ಮುದ್ರೆ ಡಿಕಿಮ್. ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕೆಂದು ಸ್ವೀಕರಿಸುವವರಿಗೆ ನಾವು ಕೊಡುವ ಸೂಚನೆ ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ, ದೊಡ್ಡ ಸಂಖ್ಯೆಯಲ್ಲಿ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 5000 ಅಥವಾ ಹೆಚ್ಚು) ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಸಣ್ಣವರೂ ಮೂರನ್ನೂ ಹಾಕಿಕೊಳ್ಳುವುದೇ ಕ್ಷೇಮ.

ರಿಲೇ ಬಳಸುವವರು ಎರಡು ಸಂಗತಿ ನೆನಪಿಡಬೇಕು. ಎಸ್‌ಪಿಎಫ್ ಪಟ್ಟಿಯಲ್ಲಿ ರಿಲೇ ಕಂಪನಿಯ ಹೆಸರು ಸೇರಿರಬೇಕು, ಇಲ್ಲವಾದರೆ ನಮ್ಮದೇ ಪತ್ರ ನಕಲಿ ಎನಿಸಿಕೊಳ್ಳುತ್ತದೆ. ಡಿಕಿಮ್ ಮುದ್ರೆಯನ್ನು ನಮ್ಮ ಡೊಮೈನಿನ ಹೆಸರಿನಲ್ಲೇ, ಸಾಧ್ಯವಾದರೆ ನಮ್ಮ ಯಂತ್ರದಲ್ಲೇ ಒತ್ತಬೇಕು. ಮುದ್ರೆಯ ಖಾಸಗಿ ಕೀಲಿ ನಮ್ಮಲ್ಲಿದ್ದರೆ ನಾಳೆ ರಿಲೇ ಬದಲಿಸಿದರೂ ಗುರುತು ಬದಲಾಗುವುದಿಲ್ಲ. ಸ್ಥಿರ ಐಪಿ ಪಡೆದು ನೇರವಾಗಿ ಕಳಿಸುವವರಿಗೆ ಇನ್ನೊಂದು ಕೆಲಸವಿದೆ. ಐಪಿ ಸಂಖ್ಯೆಯಿಂದ ಹೆಸರನ್ನು ತೋರಿಸುವ ಪಿಟಿಆರ್ ದಾಖಲೆಯನ್ನು ಸೇವಾದಾರರಿಂದಲೇ ಬರೆಸಿಕೊಳ್ಳಬೇಕು. ಅದಿಲ್ಲದ ವಿಳಾಸದ ಪತ್ರವನ್ನು ದೊಡ್ಡ ಸೇವೆಗಳು ಹತ್ತಿರ ಸೇರಿಸುವುದಿಲ್ಲ.

ನಮ್ಮ ಯಂತ್ರ ಇನ್ನೊಬ್ಬರಿಗೆ ಪೀಡೆಯಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ದೃಢೀಕರಣವಿಲ್ಲದೆ ಯಾರಿಂದಲೂ ಪತ್ರ ತೆಗೆದುಕೊಂಡು ಹೊರಗೆ ಸಾಗಿಸಕೂಡದು. ಪಾಸ್‌ವರ್ಡ್ ಊಹಿಸಲು ಹಗಲಿರುಳು ಬಡಿಯುವವರನ್ನು ಫೇಲ್‌ಟುಬ್ಯಾನ್‌ನಂಥ ತಂತ್ರಾಂಶದಿಂದ ಹೊರಗಿಡಬೇಕು. ಅಪ್‌ಡೇಟ್ ತಪ್ಪಿಸಬಾರದು. ಕಂಪನಿಗಳು, ಸರ್ಕಾರಿ ಕಚೇರಿಗಳು ತಮ್ಮ ಲಾಗ್‌ಗಳನ್ನು 180 ದಿನ ಉಳಿಸಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಹೇಳುತ್ತದೆ. ಸಣ್ಣ ಸಂಘವೂ ಅದನ್ನು ರೂಢಿ ಮಾಡಿಕೊಂಡರೆ ಒಳ್ಳೆಯದು. ಇಷ್ಟನ್ನು ಮಾಡಲು ಮನಸ್ಸಿಲ್ಲದವರು ಮೂರನೆಯ ಹಗುರ ಮಾರ್ಗವನ್ನೇ ಹಿಡಿಯಲಿ.

ಗಡಿಯ ಊರಿನ ಪತ್ರ

ಡಾಬಕಾ ಸೀಮೆಯಲ್ಲಿ ಒಂದೇ ಸಂಘದ ಸದಸ್ಯರು ಕನ್ನಡ, ಮರಾಠಿ, ಉರ್ದು ಆಡುತ್ತಾರೆ. ಎಸ್‌ಎಂಟಿಪಿ ಹುಟ್ಟಿದಾಗ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಲಿಪಿಗೆ ಅದರಲ್ಲಿ ಜಾಗವಿರಲಿಲ್ಲ. 1992ರಲ್ಲಿ ನಥೇನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಪದ್ಧತಿಯಿಂದ ಎಲ್ಲ ಲಿಪಿಗಳೂ ಪತ್ರದಲ್ಲಿ ಸಾಗುವಂತಾದವು. ಕನ್ನಡದ ಒಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು, ಬೇಸ್64 ಅದನ್ನು 4 ಇಂಗ್ಲಿಷ್ ಚಿಹ್ನೆಗಳಾಗಿ ಮಡಿಸಿ ದಾಟಿಸುತ್ತದೆ. 2012ರ ಹೊಸ ನಿಯಮಗಳಿಂದ ವಿಳಾಸವೇ ಕನ್ನಡದಲ್ಲಿರಬಹುದು. ಪೋಸ್ಟ್‌ಫಿಕ್ಸ್ ಇದಕ್ಕೆ ಸಿದ್ಧವಾಗಿದೆ, ಕನ್ನಡ ಲಿಪಿಯ ಡಾಟ್ ಭಾರತ ಡೊಮೈನೂ ಸಿಗುತ್ತದೆ. ಎಲ್ಲ ಸೇವೆಗಳು ಇನ್ನೂ ಒಪ್ಪದ ಕಾರಣ ಸದ್ಯಕ್ಕೆ ಕನ್ನಡ ವಿಳಾಸದ ಜೊತೆಗೆ ಇಂಗ್ಲಿಷ್ ಅಕ್ಷರದ ವಿಳಾಸವನ್ನೂ ಇಟ್ಟುಕೊಳ್ಳಬೇಕು. ಸ್ವಂತ ಸರ್ವರ್ ಇದ್ದವರು ಈ ಪ್ರಯೋಗವನ್ನು ಯಾರ ಅಪ್ಪಣೆಗೂ ಕಾಯದೆ ಮಾಡಬಹುದು.

ಸೇವಾದಾರರಿಗೂ ಒಂದು ಮಾತು ಹೇಳಬೇಕು. ಅಂತರ್ಜಾಲ ತಟಸ್ಥತೆಯ ಕುರಿತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ನವೆಂಬರ್ 28ರಂದು ಕೊಟ್ಟ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈಯಲ್ಲಿ ಒಪ್ಪಿತು. ಸಂಚಾರ ನಿರ್ವಹಣೆಗೆ ಸಮಂಜಸ ಕ್ರಮ ಕೈಗೊಳ್ಳಬಹುದು, ಆದರೆ ಅದು ಪಾರದರ್ಶಕವಾಗಿರಬೇಕು ಎಂಬುದು ಅದರ ತಿರುಳು. 25ನ್ನು ಮುಚ್ಚುವುದು ಸಮಂಜಸವೇ. ಮುಚ್ಚಿದ್ದನ್ನು ಹೇಳದಿರುವುದು ಸಮಂಜಸವಲ್ಲ. ಅರ್ಜಿ ನಮೂನೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಇರಲಿ. ನೋಂದಾಯಿತ ಸಂಸ್ಥೆ ಸ್ಥಿರ ಐಪಿ ಪಡೆದು, ಹೊಣೆ ಹೊತ್ತು ಕೇಳಿದರೆ ಪೋರ್ಟ್ ತೆರೆದು ಪಿಟಿಆರ್ ಬರೆದುಕೊಡುವ ಕ್ರಮವಿರಲಿ. ಕಾಲ್ ಸೆಂಟರಿನಲ್ಲಿ ಪೋರ್ಟ್ ಎಂದರೆ ಏನೆಂದು ಬಲ್ಲವರು ಸಿಗುವಂತಾಗಲಿ.

ಬೀದರ್ ಜಿಲ್ಲೆಯ ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳು ವಿದ್ಯಾರ್ಥಿಗಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಡಬೇಕೆಂಬುದು ನನ್ನ ಆಸೆ. ಒಂದು ಮೇಲ್ ಸರ್ವರ್ ಕಟ್ಟಿದವರಿಗೆ ಡಿಎನ್‌ಎಸ್, ಗುಪ್ತಲಿಪಿ, ಜಾಲ, ಭದ್ರತೆ ಎಲ್ಲವೂ ಕೈಯಾರೆ ತಿಳಿಯುತ್ತವೆ. ಔರಾದಿನ ಒಂದು ಸಂಘಕ್ಕೆ ಸರ್ವರ್ ಹೊಂದಿಸಿಕೊಟ್ಟು ವರ್ಷಕಾಲ ನೋಡಿಕೊಂಡ ವಿದ್ಯಾರ್ಥಿನಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಯಾವ ಸಂದರ್ಶನಕ್ಕೂ ಅಂಜಬೇಕಿಲ್ಲ.

ಸಂಘಗಳ ಆಡಳಿತ ಮಂಡಳಿಗಳು ಮಾಡಬೇಕಾದ ಕೆಲಸ ಅದಕ್ಕಿಂತ ಸುಲಭ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿ: ಡೊಮೈನನ್ನು ಯಾವ ವ್ಯಕ್ತಿಯ ಹೆಸರಿನಲ್ಲೂ ಅಲ್ಲ, ಸಂಸ್ಥೆಯ ಹೆಸರಿನಲ್ಲೇ ನೋಂದಾಯಿಸುವುದು. ನವೀಕರಣದ ತಾರೀಖನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಗೆ ಸೇರಿಸಿ, ಒಟಿಪಿ ಬರುವ ಸಿಮ್ಮನ್ನೂ ಸಂಘದ ಹೆಸರಿನಲ್ಲಿ ಪಡೆಯಿರಿ. ರಿಲೇ ಯಾರದು, ಬಾಡಿಗೆ ಸರ್ವರ್ ಎಲ್ಲಿಯದು ಎಂಬುದನ್ನು ವರ್ಷ ವರ್ಷ ದರ ನೋಡಿ ಬದಲಿಸಿಕೊಳ್ಳಬಹುದು. ಸದಸ್ಯರು, ಬ್ಯಾಂಕು, ಸರ್ಕಾರ ಬರೆಯುವ ವಿಳಾಸ ಮಾತ್ರ ಸಂಘ ಇರುವವರೆಗೂ ಸಂಘದ್ದೇ ಆಗಿ ಉಳಿಯಬೇಕು.